ಹಾಲವರೆಯ ತಗ್ಗು

ಡ್ರೈಫೋರ್ಕ್, ಒರೆಗಾನ್
೬ ಮೇ ೧೯೧೨

ಅಣ್ಣ,

ಗಾನಿಶ್ ಮಾವನ ಆರುನೂರು ಕುರಿಗಳನ್ನು ಕುದುರೆ-ದನಗಳ ಸಾಹುಕಾರ ಟ್ರಾಸ್ಕ್‌ನ ಸವಾರರು ದೊಣ್ಣೆಯಿಂದ ಬಡಿದು ಕೊಂದಿದ್ದಾರೆ. ಊರಿನ ಪತ್ರಿಕೆ ಇದನ್ನು ‘ಹುಲ್ಲುಗಾವಲಿನ ತಕರಾರು’ ಎಂದು ನಾಲ್ಕು ಸಾಲು ಬರೆದಿದೆ. ಇದು ತಕರಾರಲ್ಲ. ಕೊಲೆ.

ಹಾಡಹಗಲಲ್ಲಿ ಒಂಬತ್ತು ಜನ ಬಂದರಂತೆ. ಮೊದಲು ನಾಯಿಗೆ ಗುಂಡು. ಆಮೇಲೆ ಮಾವನನ್ನು ಅವನದೇ ಗಾಡಿಯ ಚಕ್ರಕ್ಕೆ ಕಟ್ಟಿದರು, ಮುಖ ತಿರುಗಿಸದಂತೆ ಗಲ್ಲ ಹಿಡಿದು ನೋಡಿಸಿದರು. ಗುಂಡು ದುಬಾರಿಯೆಂದು ದೊಣ್ಣೆ ಹಿಡಿದರಂತೆ. ಮರಿ ಹಾಕುವ ಹೊತ್ತಿನ ಕುರಿಗಳು, ಅಣ್ಣ. ಕೊನೆಗೆ ದೊಣ್ಣೆಗಳು ಮುರಿದವು, ಕೋವಿಯ ಹಿಡಿಯಿಂದ ಮುಗಿಸಿದರು. ಮಾವ ಈಗ ನಮ್ಮ ವಸತಿಗೃಹದ ಹಿಂದಿನ ಕೋಣೆಯಲ್ಲಿ ಮಲಗಿದ್ದಾನೆ. ಪಾಸ್ಕಾಲಾ ಅತ್ತೆ ಅವನಿಗೆ ಬೆಳ್ಳುಳ್ಳಿ ಸಾರು ಕುಡಿಸುತ್ತಾಳೆ, ನಾನು ಚಕ್ರದ ಕಡ್ಡಿ ತರಚಿದ ಬೆನ್ನಿನ ಗಾಯ ತೊಳೆಯುತ್ತೇನೆ.

“ಯಾರು ಅಂತ ಗೊತ್ತಾಯ್ತಾ ಮಾವ?” ಅಂದೆ.

“ಮುಖಕ್ಕೆ ಗೋಣಿಚೀಲ ಹಾಕ್ಕೊಂಡಿದ್ರು ಕಣವ್ವ. ಕುದುರೆ ಮುಖಕ್ಕೆ ಹಾಕೋದು ಮರ್ತಿದ್ರು. ಕುದುರೆ ನೋಡಿ ಸವಾರನ ಹೆಸರು ಹೇಳೋನು ನಾನು.”

ಇದನ್ನೇ ಶೆರಿಫನ ಮುಂದೆ ಹೇಳಿದೆ. “ಹಂಗಾದ್ರೆ ಕುದುರೇನ ಕಟಕಟೆ ಹತ್ತಿಸ್ಲೇನಮ್ಮ?” ಅಂದ. ಕಚೇರಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಟ್ರಾಸ್ಕ್ ಕೊಡುವ ಕಾರಣ ಕೇಳು: ಈ ವಸಂತದಲ್ಲಿ ಅವನ ನಾಲ್ಕು ಕುದುರೆಗಳಿಗೆ ಹುಚ್ಚು ಹಿಡಿಯಿತಂತೆ. ನಾವು ಬಾಸ್ಕ್ ಕುರುಬರು ನೀರಿನ ಊಟೆಗೆ ವಿಷ ಬೆರೆಸಿದ್ದೇವಂತೆ. ಸರ್ಕಾರದ ಬಯಲನ್ನೆಲ್ಲ ಬೇಲಿಯಿಲ್ಲದೆ ನುಂಗಿದವನಿಗೆ ನಮ್ಮನ್ನು ಕೊಲ್ಲಲು ಒಂದು ನೆಪ ಬೇಕಿತ್ತು.

ರೈಲು ಕೂಲಿಗಳು ಬಿಟ್ಟುಹೋಗುವ ಕರಪತ್ರಗಳನ್ನು ನಾನು ಹಾಸಿಗೆ ಬಟ್ಟೆ ಒಗೆಯುತ್ತಲೇ ಓದಿ ಮುಗಿಸಿದ್ದೇನೆ. ಕೈಕಟ್ಟಿ ನಿಂತವನೂ ಹೊಡೆಯುವವನ ಪಾಲುದಾರ ಎಂದು ಒಂದರಲ್ಲಿತ್ತು. ನೀನು ಎಷ್ಟು ದಿನ ಕುರಿಗಳ ಜೊತೆ ಮಾತಾಡಿಕೊಂಡು ಕೂತಿರುತ್ತೀಯ? ದಿನಸಿ ತರುವ ಶೆಮಾರ್ತಿನ್ ಕೈಯಲ್ಲಿ ಒಂದು ದೊಡ್ಡ ರೊಟ್ಟಿ ಕಳಿಸಿದ್ದೇನೆ. ನೋಡಿಕೊಂಡು ಕತ್ತರಿಸು. ಒಳಗೆ ಕೋವಿಯ ಇಪ್ಪತ್ತು ತೋಟಾ ಇವೆ.

ನಿನ್ನ ತಂಗಿ
ಗಚೂಶಾ

*

ಗಿಡುಗನ ಗುಡ್ಡ
೧೯ ಮೇ

ಗಚೂ,

ನಿನ್ನ ಪತ್ರವನ್ನು ಶೆಮಾರ್ತಿನ್ ಊಟ ಆದ ಮೇಲೆ ಕೊಟ್ಟ. ಅಷ್ಟರಲ್ಲಿ ನಾನು ರೊಟ್ಟಿ ಕಚ್ಚಿಯಾಗಿತ್ತು. ದವಡೆಯ ಒಂದು ಹಲ್ಲು ನಿನ್ನ ಕ್ರಾಂತಿಗೆ ಬಲಿಯಾಯಿತು. ತೋಟಾಗಳನ್ನು ತೋಳಗಳಿಗೆ ಇಟ್ಟುಕೊಳ್ಳುತ್ತೇನೆ.

ಮಾವನ ಸುದ್ದಿ ಕೇಳಿ ಎರಡು ದಿನ ಏನೂ ತಿನ್ನಲಾಗಲಿಲ್ಲ. ನನಗೆ ಸಿಟ್ಟಿಲ್ಲ ಎಂದು ತಿಳಿಯಬೇಡ. ಆದರೆ ಒಂದು ಮಾತು. ಟ್ರಾಸ್ಕ್‌ನ ಕುದುರೆಗಳಿಗೆ ಹುಚ್ಚು ಹಿಡಿದದ್ದು ಸುಳ್ಳಲ್ಲ. ಯಾರೂ ವಿಷ ಹಾಕಿಲ್ಲ. ಅವು ಹಾಲವರೆ ತಿಂದಿವೆ.

ಹುಟ್ಟೂರಲ್ಲಿ ಅಮ್ಮ ಆಡುಗಳಿಗೆ ಹಾಲು ಹೆಚ್ಚಲೆಂದು ತಂದು ಹಾಕುತ್ತಿದ್ದಳಲ್ಲ, ಅದೇ ಜಾತಿ. ಇಲ್ಲಿ ಅದಕ್ಕೆ ಹತ್ತು ಜನ ಅಕ್ಕತಂಗಿಯರು. ಒಂಬತ್ತು ಜನ ಒಳ್ಳೆಯವರು. ಹತ್ತನೆಯವಳು ಬೂದಿಬಣ್ಣದ ಎಲೆ, ನೇರಳೆ ಹೂವು, ಊದಿಕೊಂಡ ಕಾಯಿ. ಕಾಯಿ ಒಣಗಿದರೆ ಗಿಲಕಿಯಂತೆ ಸದ್ದು. ಕಾಡು ಮಾಚಿಪತ್ರೆಯ ಪೊದೆಗಳ ನಡುವೆ, ಬೇರೆ ಹುಲ್ಲು ಕಣ್ಣು ಬಿಡುವ ಮೊದಲೇ ಹಸಿರಾಗುತ್ತದೆ. ಚಳಿಗಾಲ ಉಪವಾಸವಿದ್ದ ಪ್ರಾಣಿ ಅದಕ್ಕೇ ಮೊದಲು ಬಾಯಿ ಹಾಕುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಎರಡು ಮೂರು ವಾರ ತಿಂದರೆ ಮುಗಿಯಿತು, ಮತ್ತೆ ಬೇರೆ ಮೇವು ಮೂಸುವುದಿಲ್ಲ. ಹೋದ ವರ್ಷ ನನ್ನ ಹೇಸರಗತ್ತೆ ಒಂದು ಕಡ್ಡಿಯನ್ನು ಗೋಡೆಯೆಂದುಕೊಂಡು ಹಾರಿತು. ನೀರಿನ ಮುಂದೆ ನಿಂತು, ಕುಡಿಯುವುದು ಹೇಗೆಂದು ಮರೆತು ನಡುಗಿತು. ಕೊನೆಗೆ ನನ್ನ ಎದೆಯ ಮೇಲೆ ಎರಗಿತು. ಹಣೆಗೆ ಗುಂಡಿಟ್ಟೆ. ಟ್ರಾಸ್ಕ್‌ನವರು ಒಂಬತ್ತು ಒಳ್ಳೆಯ ಅಕ್ಕಂದಿರನ್ನು ನೋಡಿ ಇವಳನ್ನೂ ಮೇವೆಂದೇ ತಿಳಿದಿದ್ದಾರೆ. ಈ ಗುಡ್ಡದ ತೆಂಕಣ ತಗ್ಗಿನ ತುಂಬ ಅದೇ. ತಗ್ಗಿನ ಸುತ್ತ, ಆಳೆತ್ತರ ಕಲ್ಲು ಪೇರಿಸಿ, ಗುರುತಿಗೆ ಐದು ಕಲ್ಲುಹುಡುಗರನ್ನು ನಿಲ್ಲಿಸಿದ್ದೇನೆ. ಕುರಿ ಕಾಯುವವರಿಗೆ ಅಷ್ಟು ಸಾಕು.

ಇನ್ನೊಂದು ವಿಷಯ. ನಿನಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಟ್ರಾಸ್ಕ್‌ನ ಚಿಕ್ಕ ಮಗ ಆರಿನ್ ನನ್ನ ಡೇರೆಗೆ ಬರುತ್ತಾನೆ. ಮಾರ್ಚ್ ತಿಂಗಳಲ್ಲಿ ಹಿಮದಲ್ಲಿ ದಾರಿ ತಪ್ಪಿದ್ದವನನ್ನು ನಾನು ಎಳೆದು ತಂದಿದ್ದೆ. ಕರಾವಳಿಯಲ್ಲಿ ಓದಿ ಬಂದವನು, ಇಲ್ಲಿನ ಒಂದು ಗಿಡದ ಹೆಸರೂ ಗೊತ್ತಿಲ್ಲ. ಮೊನ್ನೆ ಬಂದು ಬೆಂಕಿಯ ಮುಂದೆ ಕೂತ, ಕಾಫಿ ಕೊಟ್ಟೆ.

“ಬತಿಸ್ತ, ಅವತ್ತು ನಾನೂ ಇದ್ದೆ.”

“ಗೊತ್ತು.”

“ಹೆಂಗ್ ಗೊತ್ತು?”

“ಬೂಟ್ ತೊಳ್ದಿಲ್ಲ ನೀನು.”

ಬೂಟುಗಳನ್ನು ಬೆಂಕಿಯ ಬೆಳಕಿನಿಂದ ಹಿಂದಕ್ಕೆ ಎಳೆದುಕೊಂಡ. “ಹನ್ನೊಂದು ಕುರಿ ಹೊಡ್ದೆ. ಆಮೇಲೆ ವಾಂತಿ ಬಂತು.”

“ಹನ್ನೆರಡ್ನೇದು ಬದುಕ್ತಲ್ಲ, ಅದರ ಪುಣ್ಯ.”

“ಇಲ್ಲ. ಅದನ್ನ ಅಪ್ಪ ಹೊಡ್ದ.”

ಇನ್ನು ನನ್ನ ಪಾಲಿನ ಕುದುರೆಗಳನ್ನು ಒಬ್ಬನೇ ಮೇಯಿಸುತ್ತೇನೆ, ಅಪ್ಪನ ಮನೆಗೆ ಹೋಗುವುದಿಲ್ಲ ಎಂದ. ಅವನಿಗೆ ಕಲ್ಲುಹುಡುಗರನ್ನು ಓದುವುದು ಕಲಿಸಿದೆ. ತನ್ನ ಪುಟ್ಟ ಪುಸ್ತಕದಲ್ಲಿ ಚಿತ್ರ ಬರೆದುಕೊಂಡ.

ನೀನು ಗುಡ್ಡಕ್ಕೆ ಬರಬೇಡ. ಕಾಲ ಸರಿಯಿಲ್ಲ.

ಬತಿಸ್ತ

*

ಡ್ರೈಫೋರ್ಕ್
೩ ಜೂನ್

ಅಣ್ಣ,

ಹನ್ನೊಂದು ಕುರಿ ಕೊಂದವನಿಗೆ ನೀನು ಕಾಫಿ ಕೊಟ್ಟೆ. ವಾಂತಿ ಮಾಡಿಕೊಂಡ ಕಟುಕ ಕಟುಕನಲ್ಲವೆ? ಅವರ ಮನೆಯಲ್ಲಿ ಹುಟ್ಟಿದವನು ಅವರವನೇ. ಅವನ ಕಣ್ಣೀರನ್ನು ಒರೆಸುವಷ್ಟು ಬಟ್ಟೆ ನಮ್ಮ ಹತ್ತಿರ ಇಲ್ಲ. ಇದ್ದದ್ದನ್ನೆಲ್ಲ ಮಾವನ ಬೆನ್ನಿಗೆ ಸುತ್ತಿದ್ದೇನೆ.

ಮತ್ತು ನಾನು ಗುಡ್ಡಕ್ಕೆ ಬಂದಿದ್ದೆ. ಹೌದು, ನಿನ್ನ ಮಾತು ಮೀರಿ, ಅತ್ತೆಯ ಹೇಸರಗತ್ತೆ ಹತ್ತಿಕೊಂಡು ಒಬ್ಬಳೇ. ಮಾವನ ಕುರಿಗಳು ಸತ್ತ ಜಾಗವನ್ನು ನನ್ನ ಕಣ್ಣಲ್ಲೇ ನೋಡಬೇಕಿತ್ತು. ಕೇಳಿ ಬರೆಯುವುದಕ್ಕೂ ನೋಡಿ ಬರೆಯುವುದಕ್ಕೂ ವ್ಯತ್ಯಾಸವಿದೆ. ನಾನು ಸ್ವಂತ ಕರಪತ್ರ ಬರೆಯುತ್ತಿದ್ದೇನೆ.

ಅರ್ಧ ಮೈಲಿ ದೂರದಿಂದಲೇ ವಾಸನೆ. ಹದ್ದುಗಳು ಹಾರಲಾರದಷ್ಟು ತಿಂದು ನೆಲದ ಮೇಲೆ ಕೋಳಿಗಳಂತೆ ನಡೆಯುತ್ತಿದ್ದವು. ಉಣ್ಣೆ ಪೊದೆ ಪೊದೆಗೂ ಸಿಕ್ಕಿಕೊಂಡಿತ್ತು. ಒಂದು ತಾಯಿಕುರಿಯ ಹೊಟ್ಟೆಯೊಳಗಿನಿಂದ ಮರಿಯ ಎರಡು ಗೊರಸು ಹೊರಗೆ ಬಂದು ಒಣಗಿದ್ದವು. ಮಾವ ಇಪ್ಪತ್ತು ವರ್ಷದ ಹಿಂದೆ ಕಟ್ಟಿದ್ದ ಕಲ್ಲುಹುಡುಗನನ್ನೂ ಅವರು ಬಿಟ್ಟಿಲ್ಲ. ಎದೆಗೆ ಗುಂಡು ಹೊಡೆದು, ತಲೆ ಉರುಳಿಸಿ, ಅದರ ಮೇಲೆ ಉಚ್ಚೆ ಹೊಯ್ದಿದ್ದಾರೆ.

ನಿನ್ನ ಡೇರೆ ಹುಡುಕಿಕೊಂಡು ಬಂದೆ. ನೀನು ಕುರಿಗಳನ್ನು ಬೆಟ್ಟದ ಆ ಬದಿಗೆ ಹೊಡೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ತೆಂಕಣ ತಗ್ಗಿನ ಅಂಚಿನಲ್ಲಿ ನಿನ್ನ ಐವರು ಕಲ್ಲುಹುಡುಗರು ಸಿಕ್ಕರು. ಐವರಿಗೂ ತಲೆ ಇರಲಿಲ್ಲ! ಅಲ್ಲಿಗೂ ಬಂದಿದ್ದರು ಆ ನಾಯಿಗಳು. ನಾನು ಅಳಲಿಲ್ಲ. ಹಳ್ಳಕ್ಕೆ ಇಳಿದು ದುಂಡಗಿನ ಬಿಳಿ ಕಲ್ಲು ಐದು ಆರಿಸಿ, ಒಂದೊಂದನ್ನೇ ಲಂಗದ ಮಡಿಲಲ್ಲಿ ಕಟ್ಟಿ ಮೇಲಕ್ಕೆ ಹೊತ್ತು, ಐವರಿಗೂ ತಲೆ ಇಟ್ಟೆ. ಅಂಗೈ ಸುಲಿದುಹೋಯಿತು. ಅವರು ಐದು ತಲೆ ತೆಗೆದರೆ ನಾವು ಐದು ತಲೆ ಇಡುತ್ತೇವೆ ಎಂದು ಗಟ್ಟಿಯಾಗಿ ಕೂಗಿದೆ. ತಗ್ಗಿನ ತುಂಬ ನೇರಳೆ ಹೂವು ತೂಗುತ್ತಿತ್ತು. ಇಷ್ಟು ಚೆಂದದ ಜಾಗದ ಮೇಲೆ ಟ್ರಾಸ್ಕ್ ಕಣ್ಣು ಹಾಕಿದ್ದರಲ್ಲಿ ಆಶ್ಚರ್ಯವೇನು.

ಈ ದೇಶಕ್ಕೆ ಬಂದ ಹತ್ತು ವರ್ಷದಲ್ಲಿ ನಾನು ಮಾಡಿದ ಮೊದಲ ನಿಜವಾದ ಕೆಲಸ ಅದು.

ಗಚೂಶಾ

*

ಗಿಡುಗನ ಗುಡ್ಡ
೩ ಜುಲೈ

ಗಚೂ,

ನಿನ್ನ ಜೂನ್ ಮೂರರ ಪತ್ರ ನಿನ್ನೆ ಮಧ್ಯಾಹ್ನ ಕೈಗೆ ಬಂತು. ಶೆಮಾರ್ತಿನ್‌ನನ್ನು ಹೊಳೆ ದಾಟುವಲ್ಲಿ ಟ್ರಾಸ್ಕ್‌ನವರು ಹಿಡಿದು, ಮೂರು ಪಕ್ಕೆಲುಬು ಮುರಿದಿದ್ದರು. ಹೊಳೆಯ ಹತ್ತಿರದ ಗುಡಿಸಲಲ್ಲಿ ಇಪ್ಪತ್ತೈದು ದಿನ ಬಿದ್ದಿದ್ದು, ಏಳುವ ಹಾಗಾದ ಮೇಲೆ ಹತ್ತಿ ಬಂದ.

ಕಲ್ಲುಹುಡುಗನಿಗೆ ತಲೆ ಇದ್ದರೆ ಬಾ ಎಂದರ್ಥ. ನೀರಿದೆ, ಹುಲ್ಲಿದೆ. ತಲೆ ಇಲ್ಲದಿದ್ದರೆ ಬರಬೇಡ, ಇಲ್ಲಿ ತಲೆ ಕೆಡುತ್ತದೆ ಎಂದರ್ಥ. ಆ ಐವರಿಗೆ ನಾನು ತಲೆ ಇಟ್ಟೇ ಇರಲಿಲ್ಲ. ಯಾರೂ ಉರುಳಿಸಿರಲಿಲ್ಲ. ಗುಡ್ಡದಲ್ಲಿ ಪ್ರತಿ ಕುರುಬನಿಗೂ ಗೊತ್ತಿರುವ ಮಾತು, ನಿನಗೂ ಗೊತ್ತಿರುತ್ತದೆ ಎಂದುಕೊಂಡೆ. ಪೇಟೆಯಲ್ಲಿ ಬೆಳೆದವಳು ನೀನು ಎನ್ನುವುದು ಮರೆತೆ.

ಪತ್ರ ಓದಿದ ಕೂಡಲೇ ತಗ್ಗಿಗೆ ಓಡಿದೆ. ದೂರದಿಂದಲೇ ಐದು ಬಿಳಿ ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೆಳಗೆ ಆರಿನ್‌ನ ಡೇರೆ. ಅವನ ಪುಸ್ತಕದಲ್ಲಿ ‘ಜೂನ್ ಎಂಟು, ತಲೆ ಇರುವ ಐದು, ಒಳ್ಳೆಯ ಹುಲ್ಲು’ ಎಂದು ಬರೆದಿದೆ. ಇಪ್ಪತ್ತನಾಲ್ಕು ದಿನ ಏಳು ಕುದುರೆಗಳನ್ನು ಅಲ್ಲೇ ಮೇಯಿಸಿದ್ದಾನೆ. ಎರಡು ಕುದುರೆ ಸತ್ತು ಊದಿದ್ದವು. ನಾಲ್ಕು, ಕಾಣದ ಕಂಬಕ್ಕೆ ಕಟ್ಟಿದ ಹಾಗೆ, ಸುತ್ತುತ್ತಲೇ ಇದ್ದವು. ಏಳನೆಯದು ಅವನ ಸವಾರಿಯ ಕೆಂಗುದುರೆ, ಮೇಲಿನ ಕಪ್ಪು ಬಂಡೆಗಳ ಹತ್ತಿರ ನಿಂತಿತ್ತು. ಜೀನು ಹೊಟ್ಟೆಯ ಕೆಳಗೆ ತಿರುಗಿತ್ತು. ರಿಕಾಪಿನಲ್ಲಿ ಅವನ ಕಾಲು ಇನ್ನೂ ಸಿಕ್ಕಿಕೊಂಡಿತ್ತು.

ತನ್ನ ನೆರಳಿಗೇ ಬೆದರಿ ಎತ್ತಿ ಹಾಕಿರಬೇಕು. ಬಂಡೆಗಳ ಮೇಲೆ ಅರ್ಧ ಮೈಲಿ ಎಳೆದಿದೆ. ನಾನು ಹತ್ತಿರ ಹೋದಾಗ ಮತ್ತೆ ಎಳೆಯತೊಡಗಿತು. ಗುಂಡು ಹೊಡೆದೇ ಬಿಡಿಸಬೇಕಾಯಿತು. ಮುಖ ಅನ್ನುವುದು ಉಳಿದಿರಲಿಲ್ಲ, ಗಚೂ. ಬಲಗೈ ಮೊಣಕೈವರೆಗೆ ಸವೆದಿತ್ತು. ಅವನಿಗೆ ಹತ್ತೊಂಬತ್ತು ವರ್ಷ.

ಅವನನ್ನು ಡೇರೆಯ ಬಟ್ಟೆಯಲ್ಲಿ ಸುತ್ತಿದ್ದೇನೆ. ಟ್ರಾಸ್ಕ್‌ನ ಮನೆಗೆ ನಾನೇ ಒಯ್ಯುತ್ತೇನೆ. ಹೋಗಬೇಡ ಎಂದು ಶೆಮಾರ್ತಿನ್ ಕಾಲು ಹಿಡಿದ. “ಸಾಯ್ಸಿಬಿಡ್ತಾರೆ ಕಣೋ ಬತಿಸ್ತ. ಇಲ್ಲೇ ಮಣ್ಣು ಮಾಡಿ ಕಲ್ಲಿಡೋಣ.” ಹೆತ್ತವನಿಗೆ ತಿಳಿಯದಂತೆ ಮಗನನ್ನು ಹೂಳಲು ನನ್ನಿಂದಾಗದು.

ನೀನು ಬರೆದ ಪತ್ರ ಸುಟ್ಟುಹಾಕಿದೆ. ಕಲ್ಲು ಕಟ್ಟಿದವನು ನಾನು, ಅವನಿಗೆ ಕಲಿಸಿದವನೂ ನಾನು. ಉಳಿದದ್ದನ್ನು ಯಾರಿಗೂ ಹೇಳಬೇಡ. ಅಣ್ಣನಾಗಿ ಇದೊಂದೇ ಅಪ್ಪಣೆ.

ಬತಿಸ್ತ

*

ಡ್ರೈಫೋರ್ಕ್
೯ ಜುಲೈ

ಅಣ್ಣ,

ಈ ಪತ್ರ ನಿನ್ನ ಒಗೆದ ಅಂಗಿಯ ಕಾಲರಿನಲ್ಲಿದೆ. ಜೈಲಿನಲ್ಲಿ ಅವರು ಹುಡುಕಿದರೂ ನಮ್ಮ ಭಾಷೆ ಓದಲು ಅವರಲ್ಲಿ ಒಬ್ಬನಿಗೂ ಬರುವುದಿಲ್ಲ.

ಹೆಣ ತಂದ ನಿನ್ನನ್ನೇ ಕೊಲೆಗಾರನೆಂದು ಕೋವಿಯ ಹಿಡಿಯಿಂದ ಬಡಿದು, ಹಗ್ಗ ಕಟ್ಟಿ, ಗಾಡಿಯ ಹಿಂದೆ ಹನ್ನೆರಡು ಮೈಲಿ ನಡೆಸಿ ತಂದರು. ನಾನು ಬೀದಿಯಲ್ಲಿ ನಿಂತು ನೋಡಿದೆ. ನಿನ್ನ ಬಲಗೈ ಬೆರಳುಗಳು ಆಕಡೆ ಈಕಡೆ ತಿರುಗಿದ್ದವು. ನೀನು ನನ್ನ ಕಡೆ ನೋಡಲೇ ಇಲ್ಲ. ಬೇಕೆಂದೇ ನೋಡಲಿಲ್ಲ.

ವಿಚಾರಣೆ ಜುಲೈ ೨೨ರ ಸೋಮವಾರವಂತೆ. ಅಲ್ಲಿಯವರೆಗೆ ನಿನ್ನನ್ನು ಉಳಿಸುವುದಿಲ್ಲ ಎಂದು ಊರಲ್ಲಿ ಬಾಯಿಬಿಟ್ಟೇ ಹೇಳುತ್ತಾರೆ. ಅಂಗಡಿಯವನು ಪಾಸ್ಕಾಲಾ ಅತ್ತೆಗೆ ಬಟ್ಟೆ ಒಣಹಾಕಲು ಹಗ್ಗ ಕೊಡಲಿಲ್ಲ. “ಇರೋದೆಲ್ಲ ಭಾನುವಾರಕ್ಕೆ ಬುಕ್ಕಾಗಿದೆ ಅಮ್ಮ” ಅಂದನಂತೆ. ಇಪ್ಪತ್ತೊಂದರ ಭಾನುವಾರಕ್ಕೆ.

ನಿನ್ನೆ ನಾನು ಏನು ಮಾಡಿದೆ ಹೇಳಲೆ? ರೈಲು ಕೂಲಿಗಳ ಮೇಸ್ತ್ರಿ ಇಟಲಿಯವನು, ಬಂಡೆ ಸಿಡಿಸುವ ಡೈನಮೈಟ್ ಎರಡು ಕಡ್ಡಿ ಕೊಟ್ಟ. “ತಂಗಿ, ಬತ್ತಿ ಹಚ್ಚಿ ನೂರು ಎಣಿಸ್ಬೇಡ, ಐವತ್ತಕ್ಕೇ ಓಡು” ಅಂದ. ಬಟ್ಟೆ ಬುಟ್ಟಿಯಲ್ಲಿ ದುಪ್ಪಟಿಗಳ ಕೆಳಗೆ ಇಟ್ಟುಕೊಂಡು ಜೈಲಿನ ಹಿಂಗೋಡೆಯ ತನಕ ಹೋದೆ. ನನಗೆ ಹೆದರಿಕೆಯೇ ಆಗಲಿಲ್ಲ. ಕಡ್ಡಿಯನ್ನು ಕಲ್ಲುಗಳ ಸಂದಿಯಲ್ಲಿ ತುರುಕುವಾಗ ಗೋಡೆಯ ಆ ಕಡೆಯಿಂದ ಕೆಮ್ಮು ಕೇಳಿತು. ನಿನ್ನ ಕೆಮ್ಮು. ಆ ಗೋಡೆಗೇ ಒರಗಿ ನೀನು ಕೂತಿದ್ದೆ.

ಕಡ್ಡಿಗಳನ್ನು ಮತ್ತೆ ಬುಟ್ಟಿಗೆ ಹಾಕಿಕೊಂಡು ವಾಪಸು ಬಂದೆ. ಮತ್ತೊಮ್ಮೆ ಅದನ್ನೇ ಮಾಡಲು ಹೊರಟಿದ್ದೆ. ಆ ಬದಿಯಲ್ಲಿ ಯಾರಿದ್ದಾರೆ ಎಂದು ಕೇಳದೆ.

ನೀನು ಮೇ ತಿಂಗಳಲ್ಲಿ ಬರೆದ ಪತ್ರವನ್ನು ಮತ್ತೆ ತೆಗೆದು ಓದಿದೆ. ಬೂದಿ ಎಲೆ, ನೇರಳೆ ಹೂವು, ತೆಂಕಣ ತಗ್ಗು, ಎಲ್ಲ ಬರೆದಿದ್ದೀಯ. ಆ ಹೂವಿನ ಮಧ್ಯೆ ನಿಂತು ಚೆಂದ ಎಂದೆನಲ್ಲ ನಾನು. ನಿನ್ನ ಪತ್ರದಲ್ಲಿ ಕೋವಿ ಎತ್ತುತ್ತೇನೆ ಎಂಬ ಸಾಲು ಹುಡುಕುತ್ತಿದ್ದೆ. ಅದು ಸಿಗದೆ ಉಳಿದದ್ದನ್ನು ಓದಲೇ ಇಲ್ಲ.

ಆರಿನ್ ಕಟುಕನೆಂದು ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅವನನ್ನು ಕೊಂದವಳು ನಾನು. ಎರಡೂ ನಿಜ. ಕರಪತ್ರಗಳಲ್ಲಿ ಎರಡೂ ನಿಜವಾಗುವ ಜಾಗವೇ ಇರಲಿಲ್ಲ. ನಾನು ಹೇಳಿಬಿಡುತ್ತೇನೆ, ಅಣ್ಣ.

ಗಚೂಶಾ

*

೧೩ ಜುಲೈ

ಗಚೂ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಾನಿಶ್ ಮಾವ ತಂದುಕೊಟ್ಟ ಸೀಸದ ಕಡ್ಡಿ.

ಹೇಳಬೇಡ. ಹೆಂಗಸೆಂದು ಬಿಡುವ ಜನ ಅಲ್ಲ ಅವರು.

ನಿನ್ನೆ ಟ್ರಾಸ್ಕ್ ಒಬ್ಬನೇ ಬಂದ. ಶೆರಿಫನನ್ನು ಹೊರಗೆ ಕಳಿಸಿದ. ಮಗನ ಪುಸ್ತಕ ತೆಗೆದು ಚಿತ್ರ ತೋರಿಸಿದ.

“ಈ ಕಲ್ಲಿನ ಭಾಷೆ ಕಲಿಸ್ದೋನು ನೀನಾ?”

“ನಾನೇ.”

“ತಲೆ ಇಟ್ಟೋನು?”

“ನಾನೇ.”

“ಯಾಕೆ?”

ಸುಳ್ಳು ಹೊಳೆಯಲಿಲ್ಲ. ಆತ ಕಾದ. ಹೊರಗೆ ಗಾಡಿಯೊಂದು ಬಂದು, ಮೂಟೆ ಇಳಿಸಿ, ಹೋಯಿತು. ಅಷ್ಟು ಹೊತ್ತು ಕಾದ.

“ಕಾರಣ ಇಲ್ದೆ ಕೊಲ್ಲೋನು ಹೆಣ ಹೊತ್ಕೊಂಡು ಮನೆ ಬಾಗ್ಲಿಗೆ ಬರಲ್ಲ ಕಣೋ,” ಅಂದ. “ಸುಳ್ಳು ಹೇಳೋಕೂ ಬರಲ್ಲ ನಿಂಗೆ.” ಆಮೇಲೆ ನನ್ನ ಮುರಿದ ಬೆರಳುಗಳನ್ನು ಬೂಟಿನಿಂದ ತುಳಿದು ನಿಂತ. ಅಳುತ್ತಿದ್ದ. ತುಳಿಯುವುದು ನಿಲ್ಲಿಸಲಿಲ್ಲ. “ನೀನಲ್ಲ ಅಂತ ಗೊತ್ತು ನಂಗೆ. ಆದ್ರೆ ನಂಗೆ ಯಾರಾದ್ರೂ ಒಬ್ರು ಬೇಕು.”

ಅವನಿಗೆ ಬೇಕಾದದ್ದು ಸಿಕ್ಕಿದೆ. ಅದು ಇಲ್ಲಿಗೇ ಮುಗಿಯಲಿ. ನೀನು ರೈಲು ಹತ್ತಿ ಬಾಯ್ಸಿ ಪಟ್ಟಣಕ್ಕೆ ಹೋಗು. ಕುರಿಗಳನ್ನು ಶೆಮಾರ್ತಿನ್ ನೋಡಿಕೊಳ್ಳುತ್ತಾನೆ.

ಬತಿಸ್ತ

*

ಡ್ರೈಫೋರ್ಕ್
೧೭ ಜುಲೈ ೧೯೧೨

ಎಜ್ರಾ ಟ್ರಾಸ್ಕ್‌ಗೆ,

ನನ್ನ ಹೆಸರು ಗಚೂಶಾ ಬಿದೆಗೈನ್. ಜೈಲಿನಲ್ಲಿರುವ ಬತಿಸ್ತನ ತಂಗಿ. ನಿನಗೆ ಯಾರಾದರೂ ಒಬ್ಬರು ಬೇಕು ಎಂದೆಯಂತೆ. ಆ ಒಬ್ಬಳು ನಾನು.

ನಿನ್ನ ಮಗನನ್ನು ಆ ತಗ್ಗಿಗೆ ಕರೆದ ಐದು ತಲೆಗಳನ್ನು ಇಟ್ಟವಳು ನಾನು. ಮೇ ತಿಂಗಳ ಕೊನೆಯ ದಿನ ಇಟ್ಟೆ. ನನ್ನಣ್ಣ ಅವುಗಳನ್ನು ತಲೆಯಿಲ್ಲದೆ ಕಟ್ಟಿದ್ದ, ಯಾರೂ ಒಳಗೆ ಹೋಗದಿರಲೆಂದು. ನಿನ್ನ ಮಗ ಕೂಡ. ನಿನ್ನ ಆಳುಗಳು ಮುರಿದಿದ್ದಾರೆಂದು ನಾನು ತಿಳಿದೆ. ಯಾಕೆ ಹಾಗೆ ತಿಳಿದೆನೆಂದರೆ, ಅದೇ ದಿನ ಬೆಳಿಗ್ಗೆ ಅವರು ನಿಜವಾಗಿ ಮುರಿದ ಇನ್ನೊಂದನ್ನು ನೋಡಿ ಬಂದಿದ್ದೆ. ಅದರ ಸುತ್ತ ಗಾನಿಶ್ ಮಾವನ ಆರುನೂರು ಕುರಿಗಳು ಕೊಳೆಯುತ್ತಿದ್ದವು. ಅದನ್ನು ನಾನು ನೆಪವಾಗಿ ಹೇಳುತ್ತಿಲ್ಲ. ನೀನು ದೊಣ್ಣೆ ಎತ್ತಿದ ದಿನದಿಂದ ನಿನ್ನ ಮಗ ಸತ್ತ ದಿನದವರೆಗೆ ಒಂದು ದಾರಿ ಇದೆ. ಅದರಲ್ಲಿ ನೀನೂ ನಡೆದಿದ್ದೀಯ, ನಾನೂ ನಡೆದಿದ್ದೇನೆ. ನನ್ನಣ್ಣ ನಡೆದಿಲ್ಲ.

ಆ ಕುರಿಗಳ ವಿಷಯದಲ್ಲಿ ನಾನು ನಿನ್ನನ್ನು ಕ್ಷಮಿಸಿಲ್ಲ. ಮಗನ ವಿಷಯದಲ್ಲಿ ನೀನು ನನ್ನನ್ನು ಕ್ಷಮಿಸು ಎಂದೂ ಕೇಳುತ್ತಿಲ್ಲ.

ನಿನ್ನ ಕುದುರೆಗಳಿಗೆ ವಿಷ ಹಾಕಿದವರು ಯಾರೂ ಇಲ್ಲ. ನಂಬಬೇಡ, ಬಂದು ನೋಡು. ಮಗನ ಉಳಿದ ನಾಲ್ಕು ಕುದುರೆಗಳಲ್ಲಿ ಮೂರು ಆ ತಗ್ಗಿನಲ್ಲಿ ಇನ್ನೂ ಉಸಿರಾಡುತ್ತಿವೆ ಎಂದು ಶೆಮಾರ್ತಿನ್ ಹೇಳಿದ್ದಾನೆ. ನಿನ್ನ ಲಾಯದಿಂದ ಒಂದು ಹಿಡಿ ಓಟ್ಸ್ ತಂದು ಅವುಗಳ ಮುಂದೆ ಇಡು. ಪಕ್ಕದಲ್ಲಿ ನಾನು ಆ ಬೂದಿ ಎಲೆಯ ಗಿಡವನ್ನು ಕಿತ್ತು ಇಡುತ್ತೇನೆ. ಅವು ಯಾವುದಕ್ಕೆ ಬಾಯಿ ಹಾಕುತ್ತವೋ ನಿನ್ನ ಕಣ್ಣಲ್ಲೇ ನೋಡು. ನಿನ್ನಲ್ಲಿ ಕುದುರೆ ಬಲ್ಲ ಹಳಬರು ಯಾರಿದ್ದಾರೋ ಅವರನ್ನು ಕರೆದುಕೊಂಡು ಬಾ. ಕೋವಿ ತರುವುದಾದರೆ ತಾ. ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ನೋಡಿದ ಮೇಲೆ ಸೋಮವಾರ ನ್ಯಾಯಾಧೀಶರ ಮುಂದೆ ನಿಂತು ಹೇಳಲು ಬಿಟ್ಟರೆ ಹೇಳುತ್ತೇನೆ. ಅಲ್ಲೇ ಕೊಂದರೆ ಕೊಲ್ಲು. ಆದರೆ ಆಮೇಲೆ ಭಾನುವಾರದ ಹಗ್ಗಕ್ಕೆ ನಿನ್ನ ಬಳಿ ಯಾವ ನೆಪವೂ ಉಳಿಯುವುದಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಶೆರಿಫನಿಗೆ ಕೊಟ್ಟಿದ್ದೇನೆ, ಇನ್ನೊಂದನ್ನು ಪಾಸ್ಕಾಲಾ ಅತ್ತೆ ವಸತಿಗೃಹದ ಬಾಗಿಲಿಗೆ ಮೊಳೆ ಹೊಡೆದು ಹಚ್ಚಿದ್ದಾಳೆ. ನಿನ್ನ ಸವಾರರು ಆಗಲೇ ಓದಿರುತ್ತಾರೆ. ಯಾರನ್ನು ಯಾವುದಕ್ಕೆ ನೇಣು ಹಾಕಲು ಹೊರಟಿದ್ದಾರೆಂದು ಅವರಿಗೂ ಗೊತ್ತಿರಲಿ.

ಗಿಡುಗನ ಗುಡ್ಡದ ತೆಂಕಣ ತಗ್ಗು, ಪೂರ್ವದ ಅಂಚು. ಜುಲೈ ೨೦, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ.

ಗಚೂಶಾ ಬಿದೆಗೈನ್